ಎಲ್ಲ ಅಂದರೆ ಎಷ್ಟು ಚಕ್ರ?

ನನ್ನ ಗಂಡ ಹೋಗಿ ಎಂಟು ತಿಂಗಳಾಯಿತು. ಹೋದವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ನಾನು ಮಾಡುತ್ತೇನೆ. ಇದ್ದಾಗಲೂ ಮಾಡುತ್ತಿದ್ದೆ. ಈಗ ಬಿಟ್ಟರೆ ನನಗೇನೋ ಹೆಚ್ಚುಕಮ್ಮಿ ಆಗಿದೆ ಅಂತ ಅವರೇ ಗಾಬರಿಯಾದಾರು.

ಅವರು ಮೊಬೈಲ್ ಟವರ್ ರಿಪೇರಿ ಮಾಡುತ್ತಿದ್ದವರು. ಗುಡ್ಡ ಹತ್ತಲು ದೊಡ್ಡದೊಂದು ಜೀಪಿನಂಥ ಗಾಡಿ ಇತ್ತು. ನನಗೂ ಓಡಿಸಲು ಕಲಿಸಿದರು. ಗೇರಿನ ಪಕ್ಕದಲ್ಲಿ ಇನ್ನೊಂದು ಮೋಟು ಗೇರು. ಅದೇನು ಅಂದರೆ, "ಅದು ನಿನಗೆ ಬೇಡ, ಮುಟ್ಬೇಡ," ಅಷ್ಟೇ. ಮೂವತ್ತು ವರ್ಷದ ಸಂಸಾರದಲ್ಲಿ ಟವರಿನ ಒಂದೊಂದು ಬೋಲ್ಟಿನ ಚರಿತ್ರೆಯನ್ನೂ ಹೇಳಿದ ಮಹಾನುಭಾವರು ಇದೊಂದನ್ನು ಹೇಳದೆ ಹೋದರು.

ನಾನು ಪರದೆ ಹೊಲಿಯುವವಳು. ಬಟ್ಟೆಯ ಗಂಟನ್ನು ಹಿಂದೆ ಹಾಕಿಕೊಂಡು ಅದೇ ಗಾಡಿಯಲ್ಲಿ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದೆ. ಎರಡು ತಿಂಗಳ ಹಿಂದೆ ಗಾಡಿಗೆ ರೋಗ ಬಂತು. ನೇರ ರಸ್ತೆಯಲ್ಲಿ ಸಾಧು. ತಿರುವು ಬಂದರೆ ಸ್ಟೇರಿಂಗ್ ಬಿಗಿ, ಕೆಳಗಿನಿಂದ ನರಳಾಟ, ಆಮೇಲೆ ಕುಪ್ಪಳಿಸುವುದು. ಅಂಗಡಿ ಮುಂದೆ ತಿರುಗಿಸಿದರೆ ಜನ ನಿಂತು ನೋಡುತ್ತಿದ್ದರು.

ನನ್ನ ಮೈದುನನಿಗೆ ಅಷ್ಟೇ ಸಾಕಾಯಿತು. ಅವನದು ಬಲ್ಬು, ಫ್ಯಾನಿನ ಅಂಗಡಿ. ಹೊಸದಾಗಿ ಅವನೂ ಒಂದು ದೊಡ್ಡ ಗಾಡಿ ಕೊಂಡಿದ್ದ.

"ಅತ್ತಿಗೆ, ಆ ಗುಜರಿ ಮಾರಿಬಿಡಿ. ನಂದು ನೋಡಿ, ಆಲ್ ವೀಲ್ ಡ್ರೈವ್. ನಿಮ್ದು ಬರೀ ಫೋರ್ ವೀಲ್ ಡ್ರೈವ್."

"ನಿನ್ನ ಗಾಡಿಗೆ ಎಷ್ಟು ಚಕ್ರ?"

"ನಾಲ್ಕು."

"ನಂದಕ್ಕೆ?"

"ನಾಲ್ಕೇ. ಆದ್ರೆ ನಂದ್ರಲ್ಲಿ ಎಲ್ಲಾ ಚಕ್ರಾನೂ..."

"ಎಲ್ಲಾ ಅಂದ್ರೂ ನಾಲ್ಕೇ ತಾನೇ? ಸ್ಟೆಪ್ನಿ ಸೇರಿಸ್ಕೊಂಡು ಮೆರೀತೀಯೇನೋ?"

ಅವನಿಗೂ ಗೊತ್ತಿರಲಿಲ್ಲ. (ಗೊತ್ತಿಲ್ಲದಾಗ ಅವನು ಕಿವಿ ಕೆರೆದುಕೊಳ್ಳುತ್ತಾನೆ. ಅವನ ಅಣ್ಣನೂ ಹಾಗೇ.) ಮಗಳು ಬೇರೆ ಅವನ ಕಡೆ ಸೇರಿದಳು. "ಚಿಕ್ಕಪ್ಪ ಹೇಳೋದು ಸರಿ ಕಣಮ್ಮ. ಒಂದಿನ ಎಲ್ಲಾದ್ರೂ ಗುದ್ತೀಯ." ಭಾನುವಾರಕ್ಕೆ ಗಿರಾಕಿಯನ್ನೂ ಕರೆದಾಗಿತ್ತು. ನನ್ನನ್ನು ಕೇಳಿದವರಿಲ್ಲ. ನನ್ನ ಗಂಡನದು ಅಂತ ನನಗೆ ಉಳಿದದ್ದು ಆ ಗಾಡಿ ಒಂದೇ.

"ಭಾನುವಾರ ಗಿರಾಕಿ ಮುಂದೇನೇ ಗೇಟಿಂದ ತಿರುಗಿಸಿ ತೋರಿಸ್ತೀನಿ. ಕುಪ್ಪಳಿಸಿದ್ರೆ ಮಾರ್ಕೊಳ್ಳಿ. ಇಲ್ದಿದ್ರೆ ಈ ಮಾತು ಮತ್ತೆ ಎತ್ತಬಾರ್ದು," ಅಂದೆ.

ಮಾರನೆಯ ದಿನ ನಮ್ಮ ಹಳೆಯ ಮೆಕ್ಯಾನಿಕ್ ಮೇಲೆ ಏರಿ ಹೋದೆ. "ಹೋದ್ಸಲ ಏನು ಕೆಡಿಸಿ ಕಳ್ಸಿದ್ರಿ?"

ಆತ ಬಾಗಿಲು ತೆಗೆದು ಒಳಗೆ ಇಣುಕಿದ. ಮೋಟು ಗೇರಿಗೆ ನನ್ನ ಚೀಲ ನೇತಾಡುತ್ತಿತ್ತು. ಅದರಲ್ಲಿ ಎರಡು ಕತ್ತರಿ, ಟೇಪು, ಇಸ್ತ್ರಿಪೆಟ್ಟಿಗೆ.

"ಇದೇನಮ್ಮ?"

"ಚೀಲ."

"ಎಷ್ಟು ದಿನದಿಂದ ಇಲ್ಲಿ ನೇತು ಹಾಕ್ತಿದೀರಿ?"

"ಎರಡು ತಿಂಗ್ಳಾಯ್ತು. ಮುಟ್ಬೇಡ ಅಂದಿದ್ರು. ನಾನು ಮುಟ್ಟಿಲ್ಲ. ಚೀಲ ಮುಟ್ಟಿದೆ."

"ಇಳಿಯೋವಾಗ ಚೀಲ ಎಳ್ಕೊಂಡಿದೀರಿ, ಈ ಗೇರೂ ಹಿಂದಕ್ಕೆ ಬಂದಿದೆ. ಎದುರಿಗೆ ಹಸಿರು ದೀಪ ಉರೀತಿದೆ, ನೋಡ್ಲಿಲ್ವಾ?"

"ಹಸಿರಲ್ವಾ? ಎಲ್ಲಾ ಸರಿ ಇದೆ ಅನ್ಕೊಂಡೆ."

ಆತ ನಗಲಿಲ್ಲ. ಬೆನ್ನು ತಿರುಗಿಸಿ ಬಹಳ ಹೊತ್ತು ಕೆಮ್ಮಿದ. ಆಮೇಲೆ ವಿವರಿಸಿದ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡುತ್ತದಂತೆ, ಹಿಂದಿನದು ಕಡಿಮೆ. ಆ ಗೇರು ಬಿದ್ದರೆ ನಾಲ್ಕೂ ಚಕ್ರಕ್ಕೆ ಬಲ ಬರುತ್ತದೆ, ಆದರೆ ಮುಂದು ಹಿಂದು ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದ ಹಾಗೆ. ಕೆಸರಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಆಗದೆ ಕುಪ್ಪಳಿಸುತ್ತದೆ. ಮೈದುನನ ಗಾಡಿಯಲ್ಲಿ ನಡುವೆ ಸಡಿಲ ಬಿಡುವ ಒಂದು ಭಾಗ ಇರುತ್ತದೆ. ಹಾಗಾಗಿ ಟಾರಿನ ಮೇಲೂ ನಾಲ್ಕಕ್ಕೂ ಬಲ ಕೊಡಬಹುದು.

"ದುಂಡು ಅಂಚು ಹೊಲಿಯೋ ಹಾಗೆ," ಅಂದೆ. "ಹೊರಗಿನ ಅಂಚು ಉದ್ದ, ಒಳಗಿಂದು ಗಿಡ್ಡ. ಸಡಿಲ ಬಿಡದೆ ಎಳೆದು ಹೊಲಿದ್ರೆ ಸುಕ್ಕು ಬೀಳತ್ತೆ."

ಆತ ನನ್ನ ಮುಖ ನೋಡಿದ. "ನಲವತ್ತು ವರ್ಷದಲ್ಲಿ ಯಾರಿಗೂ ಇಷ್ಟು ಬೇಗ ಅರ್ಥ ಆಗಿಲ್ಲಮ್ಮ."

ಆ ಹೊಗಳಿಕೆ ಅಲ್ಲೇ ನನ್ನ ತಲೆಗೇರಿತು.

ಭಾನುವಾರ ಗಿರಾಕಿ ಬಂದ. ದನದ ಡಾಕ್ಟರಂತೆ, ಎತ್ತರದ ಆಳು. ಮೋಟು ಗೇರು ಅದರ ಜಾಗದಲ್ಲಿತ್ತು. ಗೇಟು ದಾಟಿ ತಿರುಗಿಸಿದೆ. ಗಾಡಿ ಉಸಿರೆತ್ತಲಿಲ್ಲ. ಮೈದುನ ಕಿವಿ ಕೆರೆದುಕೊಂಡ. ಗೆದ್ದಿದ್ದೆ. ಇಳಿದು ಒಳಗೆ ಹೋಗಿದ್ದರೆ ಮುಗಿಯುತ್ತಿತ್ತು.

ಹೋಗಲಿಲ್ಲ. ಚಿಂದಿ ಬಟ್ಟೆ ಒಂದನ್ನು ಕೈಯಲ್ಲಿ ಹಿಡಿದು, ಬಾನೆಟ್ಟಿಗೆ ಒರಗಿ, ಮೈದುನನಿಗೆ ಉಪನ್ಯಾಸ ಕೊಟ್ಟೆ.

"ಕೇಳ್ಕೋ. ನಿಂದು ಒದ್ದೆ ಟಾರಿಗೆ, ಸ್ವಲ್ಪ ಜಾರೋ ಕಡೆಗೆ. ಅದನ್ನ ನಾನು ಬೈಯಲ್ಲ. ಇದು ಕೆಸರಿಗೆ, ಕಲ್ಲಿಗೆ. ಮುಂದು ಹಿಂದು ಒಂದನ್ನೊಂದು ಬಿಡಲ್ಲ. ಮುಂದಿನ ಚಕ್ರ ಸೋತ್ರೆ ಹಿಂದಿಂದು ತಳ್ಳತ್ತೆ. ಇಂಥದ್ದನ್ನ ಟಾರ್ ರೋಡಲ್ಲಿ ಇಟ್ಕೊಳ್ಳೋದು ಅಂದ್ರೆ ಗಾಡಿಗೆ ಮಾಡೋ ಅವಮಾನ!"

ಡಾಕ್ಟರ್ ಎರಡು ಹೆಜ್ಜೆ ಮುಂದೆ ಬಂದ.

"ಅಮ್ಮ, ನಾನು ಹೋಗೋ ಕಡೆ ರಸ್ತೆ ಇಲ್ಲ. ಹಸು ಈಯಲಾರದೆ ಒದ್ದಾಡ್ತಿದ್ರೆ, ಗಾಡಿ ಕೆಳಗೆ ಬಿಟ್ಟು ಕೆಸರಲ್ಲಿ ನಡ್ಕೊಂಡು ಹೋಗ್ತೀನಿ. ಎಷ್ಟೋ ಸಲ ತಡ ಆಗೋಗಿದೆ. ನೀವು ಇದನ್ನ ಎಲ್ಲಿ ಓಡಿಸ್ತೀರಿ?"

ನಾನು ಬೀದಿ ನೋಡಿದೆ. ಆ ತುದಿಯಿಂದ ಈ ತುದಿವರೆಗೆ ನುಣ್ಣನೆಯ ಟಾರು. ಹಿಂದಿನ ತಿಂಗಳಷ್ಟೇ ಹಾಕಿದ್ದರು. (ಇಪ್ಪತ್ತು ವರ್ಷ ಅರ್ಜಿ ಕೊಟ್ಟಾಗ ಹಾಕದವರು!) ಒಂದೇ ಒಂದು ಗುಂಡಿ ಇದ್ದಿದ್ದರೂ ತೋರಿಸುತ್ತಿದ್ದೆ.

"ಟಾರಿನ ಮೇಲೆ," ಅಂದೆ.

ಮಗಳು, "ಅಮ್ಮ, ಬೇಡ ಅಂದ್ರೆ ಬೇಡ ಅನ್ನು," ಅಂದಳು. ಅನ್ನಬಹುದಿತ್ತು. ಆದರೆ ಅಷ್ಟು ಹೊತ್ತು ಬಡಿದುಕೊಂಡದ್ದು ಯಾರ ಬಾಯಿ?

ಬೀಗದ ಕೈ ಕೊಟ್ಟೆ.

ನನ್ನ ಗಂಡ ಹೋದ ಮೇಲೂ ಆ ಸೀಟನ್ನು ನಾನು ಮುಂದಕ್ಕೆ ಎಳೆದಿರಲಿಲ್ಲ. ಅವರ ಕಾಲಿನ ಅಳತೆಗೆ ಹಾಗೇ ಬಿಟ್ಟು, ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡು ಓಡಿಸುತ್ತಿದ್ದೆ. ದಿಂಬು ತೆಗೆದುಕೊಂಡೆ. ಡಾಕ್ಟರ್ ಹತ್ತಿ ಕೂತ. ಸೀಟು ಸರಿಸುವ ಅಗತ್ಯವೇ ಬೀಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಗಾಡಿ ಬೀದಿ ತುದಿಯಲ್ಲಿ ತಿರುಗಿ ಮರೆಯಾಯಿತು. ಮೈದುನ ಮೆಲ್ಲಗೆ ಪಕ್ಕಕ್ಕೆ ಬಂದ.

"ಅತ್ತಿಗೆ, ನನ್ನ ಹಳೇ ಸ್ಕೂಟರ್ ಒಂದು ವರ್ಷದಿಂದ ಹೋಗ್ತಾನೇ ಇಲ್ಲ. ಮುಂದಿನ ಭಾನುವಾರ ಬಂದು ಗಿರಾಕಿ ಮುಂದೆ ನೀವೊಂದು ಮಾತಾಡ್ತೀರಾ?"

ಒಂದು ದಿಂಬು ಎಸೆದೆ. ಮುಖಕ್ಕೇ ಬಿತ್ತು. ಇನ್ನೊಂದನ್ನು ಎಸೆಯಲು ಮನಸ್ಸು ಬರಲಿಲ್ಲ. ಹಿಡಿದುಕೊಂಡು ಒಳಗೆ ಬಂದೆ.