ಯಾರ ಬಳಿ, ಯಾವ ಬಣ್ಣ

ಹೆಂಡತಿಯನ್ನು ಚಿತ್ರಕಲೆ ಕಲಿಯಲು ಕಳುಹಿಸುವ ಗಂಡಂದಿರಿಗೆ ನನ್ನದೊಂದು ಕಿವಿಮಾತು: ಕಳುಹಿಸುವ ಮೊದಲು ಅದು ಯಾರ ಚಿತ್ರಕಲೆ ಎಂದು ವಿಚಾರಿಸಿ.

ನಾನು ವಿಚಾರಿಸಲಿಲ್ಲ. ಅದು ಎಣ್ಣೆಯ ಬೆಲೆ ಪಾತಾಳಕ್ಕಿಳಿದ ಎಂಬತ್ತಾರನೆಯ ಇಸವಿ. ನಾವಿದ್ದದ್ದು ಕೊಲ್ಲಿ ದೇಶದಲ್ಲಿ. ನಮ್ಮ ಕಂಪನಿಗೆ ಎರಡು ಸ್ಟೋರು. ಅಲ್ ಖುವೈರ್‌ನದಕ್ಕೆ ನಾನು ಕೀಪರ್, ಇಬ್ರಿಯದಕ್ಕೆ ದೇಜಪ್ಪ ಭಾವ, ಅಂದರೆ ನನ್ನ ಹೆಂಡತಿ ದಮಯಂತಿಯ ಅಣ್ಣ. ಎರಡನ್ನೂ ಒಂದು ಮಾಡಿ ಒಬ್ಬನನ್ನು ಮಾತ್ರ ಉಳಿಸುತ್ತಾರೆಂಬ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು. ಆಫೀಸಿನಲ್ಲಿ ನಿನ್ನೆ ಜೊತೆಗೆ ಚಹಾ ಕುಡಿದವನು ಇಂದು ಖಲಾಸ್. ನನಗೆ ಊಟ ಸೇರುತ್ತಿರಲಿಲ್ಲ. (ತಪ್ಪು ಸಾರಿನದೆಂದು ತಿಳಿದ ದಮಯಂತಿ ದಿನಕ್ಕೊಂದು ರೀತಿ ಉಪ್ಪು ಹಾಕಿ ನೋಡುತ್ತಿದ್ದಳು.)

ಆಗ ನನ್ನ ತಲೆಯಲ್ಲೊಂದು ದಿವ್ಯ ಉಪಾಯ ಉದಯಿಸಿತು. ನಮ್ಮ ಮ್ಯಾನೇಜರ್ ಎಡ್ವರ್ಡ್ ಸಾಹೇಬರ ಹೆಂಡತಿ ಅಲ್ ಅಜೈಬಾದ ಮನೆಯಲ್ಲಿ ಮೂರು ಶುಕ್ರವಾರ ಪೈಂಟಿಂಗ್ ಕಲಿಸುತ್ತಾರಂತೆ.

"ಮೇಡಂ ಕ್ಲಿಂಕಿಟ್ ಕಲಿಸ್ತಾರೆ. ನೀನು ಹೋಗಬೇಕು" ಎಂದೆ.

"ಕ್ಲಿನಿಕ್ಕಿಗೆ ನಾನು ಯಾಕೆ? ಊಟ ಸೇರದ್ದು ನಿಮಗೆ."

"ಕ್ಲಿನಿಕ್ ಅಲ್ಲ ಮಾರಾಯ್ತಿ. ಬರೆಯುವುದು ಟ್ಲಿಂಗಿಟ್, ಹೇಳುವುದು ಕ್ಲಿಂಕಿಟ್. ಅಮೆರಿಕದ ಅಲಾಸ್ಕದಲ್ಲಿ ಅಂಥ ಜನ ಉಂಟು. ಮೇಡಂ ಅವರ ಪೈಕಿ."

"ನನಗೆ ರಂಗೋಲಿಯೇ ನೆಟ್ಟಗೆ ಬರುವುದಿಲ್ಲ."

"ಏನೂ ಬಾರದವರಿಗೇ ಅಂತೆ. ನೀನು ಮೇಡಂ ಹತ್ತಿರ ನಾಲ್ಕು ಮಾತಾಡು. ನಮ್ಮ ಸಂಸಾರದ ಕಥೆಯೆಲ್ಲ ಹೇಳು."

ಕಾರಣ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅಂದೇ ಇಬ್ರಿಗೆ ಫೋನ್ ಹೋಗುತ್ತಿತ್ತು. ಅಣ್ಣನ ವಿಷಯದಲ್ಲಿ ದಮಯಂತಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಮೊದಲ ಶುಕ್ರವಾರ ನಾನೂ ಜೊತೆಗೆ ಕುಳಿತೆ. ಮೇಡಂ ಎಲ್ಲರಿಗೂ ಒಂದೊಂದು ರಟ್ಟಿನ ಅಚ್ಚು ಕೊಟ್ಟರು. ಮೂಲೆ ಸವೆದ ಸಾಬೂನಿನಂಥ ಆಕಾರ. ಅವರ ಜನರ ಚಿತ್ರಗಳಲ್ಲಿ ಪ್ರಾಣಿ ಪಕ್ಷಿಗಳ ಕಣ್ಣೂ ಅದೇ, ಕೀಲೂ ಅದೇ. ಅದರ ಸುತ್ತ ಒಂದು ಕಪ್ಪು ಗೆರೆ, ದಪ್ಪವಾಗಿ ತೆಳುವಾಗಿ ಎಲ್ಲೂ ಕಡಿಯದೆ ಓಡಬೇಕು. ನಾನು ಜಾಣತನ ತೋರಿಸಲು ಗೋಡೆಯ ಮೇಲಿದ್ದ ಕಾಗೆಯ ಚಿತ್ರವನ್ನೇ ನಕಲು ಮಾಡಿದೆ. ಮೇಡಂ ಮೆಲ್ಲಗೆ ನನ್ನ ಕುಂಚ ತೆಗೆದುಕೊಂಡರು.

"ಅದು ನನ್ನ ತಾಯಿಯ ಕುಲದ ಗುರುತು. ಬೇರೆಯವರು ಬಿಡಿಸುವಂತಿಲ್ಲ. ನನ್ನ ಗಂಡನೂ ಕೂಡ" ಎಂದರು.

ದಮಯಂತಿ ನೆಟ್ಟಗೆ ಕುಳಿತಳು. "ನಮ್ಮಲ್ಲೂ ಹಾಗೇ ಮೇಡಂ. ಬಳಿ ಬರುವುದು ಅಮ್ಮನಿಂದ. ಮಕ್ಕಳದ್ದು ನನ್ನ ಬಳಿ. ಇವರದ್ದು ಬೇರೆ."

ತುಳುನಾಡಿನಲ್ಲಿ ಕುಲಕ್ಕೆ ಬಳಿ ಎನ್ನುತ್ತಾರೆ. ಹನ್ನೆರಡು ವರ್ಷದಿಂದ ಅವಳ ಬಳಿಯೇ ಇದ್ದರೂ ನಾನು ಅವಳ ಬಳಿಯವನಲ್ಲ. ಈಗ ಬಣ್ಣ ಬಳಿಯುವ ಹಕ್ಕೂ ಹೋಯಿತು. ಆದರೆ ಮೇಡಂ ದಮಯಂತಿಯ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡದ್ದು ನೋಡಿ ನನಗೆ ಒಳಗೊಳಗೇ ಖುಷಿ. ಮುಂದಿನ ವಾರಗಳಲ್ಲಿ ಅವರ ಸ್ನೇಹಕ್ಕೆ ಅಡ್ಡ ಬರಬಾರದೆಂದು ಕಾರಿನಲ್ಲೇ ಬೆವರುತ್ತ ಕುಳಿತೆ.

ಕೊನೆಯ ಶುಕ್ರವಾರ ಬೆರಳೆಲ್ಲ ಕಪ್ಪು ಮಾಡಿಕೊಂಡು ಬಂದಳು.

"ನಿಮ್ಮ ಮನೆಗೆ ದೊಡ್ಡವರು ಯಾರು ಅಂತ ಮೇಡಂ ಕೇಳಿದ್ರು."

"ಹೇಳಿದೆಯಾ?"

"ಹೇಳಿದೆ."

"ಇದೇ ಕಂಪನಿಯಲ್ಲಿ ಇರುವುದು ಅಂತಲೂ?"

"ಅದೂ ಹೇಳಿದೆ. ಹೆಸರು ಇನ್ನೊಮ್ಮೆ ಕೇಳಿ ಕಲಿತುಕೊಂಡ್ರು."

ಅಂದು ನಾನು ಅನ್ನವನ್ನು ಮತ್ತೆ ಮತ್ತೆ ಬಡಿಸಿಕೊಂಡು ಉಂಡೆ. ಸಾರಿಗೆ ಉಪ್ಪು ಸರಿಯಾಗಿ ಬಿದ್ದಿದೆ ಎಂದು ದಮಯಂತಿ ಬೀಗಿದಳು.

ಮರುವಾರ ಎಡ್ವರ್ಡ್ ಸಾಹೇಬರು ಕರೆದರು.

"ಸಂಕಪ್ಪ, ಇಬ್ಬರಲ್ಲಿ ಒಬ್ಬರನ್ನು ಆರಿಸುವುದು ಕಷ್ಟವಾಗಿತ್ತು. ನನ್ನ ಹೆಂಡತಿ ದಾರಿ ತೋರಿಸಿದಳು. ಅವಳ ಜನರಂತೆ ನಿಮ್ಮಲ್ಲೂ ತಾಯಿಯ ಅಣ್ಣನೇ ಮನೆಗೆ ದೊಡ್ಡವನಂತೆ. ಅವನು ಬಿದ್ದರೆ ಮನೆಯೇ ಬೀಳುತ್ತದೆ. ಅದಕ್ಕೆ ದೇಜಪ್ಪನನ್ನು ಉಳಿಸಿಕೊಂಡೆ. ನಿನಗೂ ಸಮಾಧಾನವಾಗುತ್ತದೆ ಎಂದಳು." ಆಮೇಲೆ ದನಿ ತಗ್ಗಿಸಿ, "ಅವಳ ತವರಿನಲ್ಲಿ ನನ್ನ ಮಾತೂ ನಡೆಯುವುದಿಲ್ಲ" ಎಂದು ಕೈ ಕುಲುಕಿದರು.

ನಾನು ಥ್ಯಾಂಕ್ಯೂ ಎಂದೆ. (ಯಾತಕ್ಕೆ ಎಂದು ಇವತ್ತಿಗೂ ತಿಳಿದಿಲ್ಲ.)

ಮನೆಯಲ್ಲಿ ದಮಯಂತಿ ತನ್ನ ಚಿತ್ರಕ್ಕೆ ಗೋಡೆಯಲ್ಲಿ ಜಾಗ ಹುಡುಕುತ್ತಿದ್ದಳು. ವಿಷಯ ಕೇಳಿ ಚಿತ್ರವನ್ನು ಕೆಳಗಿಟ್ಟಳು.

"ದೊಡ್ಡವರು ಯಾರು ಅಂತ ಕೇಳಿದ್ರೆ ಅಣ್ಣ ಅನ್ನುವುದಾ?" ಎಂದೆ.

"ಮತ್ತೆ? ನಮ್ಮ ಮನೆಯ ಕೋಲದಲ್ಲಿ ಭೂತ ಮೊದಲು ಕರೆಯುವುದು ಯಾರನ್ನು? ನಿಮ್ಮನ್ನಾ?" ಅಷ್ಟು ಹೇಳಿ ಅವಳು ಅಳತೊಡಗಿದಳು. "ಕೆಲಸದ ವಿಷಯ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಹೆಸರೇ ಹೇಳ್ತಿದ್ದೆನಲ್ಲ."

ನಿಜ ಹೇಳುತ್ತೇನೆ, ಭಯವಾಯಿತು. ಮಕ್ಕಳ ಶಾಲೆ ಅರ್ಧದಲ್ಲಿ. ಊರಿನಲ್ಲಿ ನಲವತ್ತು ದಾಟಿದ ಸ್ಟೋರ್‌ಕೀಪರನಿಗೆ ಯಾರು ಕೆಲಸ ಇಟ್ಟುಕೊಂಡು ಕಾಯುತ್ತಾರೆ?

ಫ್ಲ್ಯಾಟು ಕಂಪನಿಯದು, ಸ್ಟೋರ್‌ಕೀಪರನಿಗೆಂದು ಕೊಟ್ಟದ್ದು; ಈಗ ಅದು ಭಾವನದು. ನಮ್ಮ ವೀಸಾ ರದ್ದಾಗುವ ಮೊದಲೇ ದೇಜಪ್ಪ ಭಾವ ಇಬ್ರಿಯಿಂದ ಟ್ರಂಕು ಹೊತ್ತು ಬಂದರು. "ನನಗೊಂದೂ ಗೊತ್ತಿರಲಿಲ್ಲ ಭಾವ" ಎಂದು ನನ್ನ ಕೈ ಹಿಡಿದು ಅತ್ತರು. ಅವರು ಒಳ್ಳೆಯ ಮನುಷ್ಯ. ಬೈದು ಹಗುರಾಗುವ ಭಾಗ್ಯವೂ ನನಗೆ ಸಿಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನಗೆ ಕಣ್ಣು ಎಳೆಯುತ್ತಿತ್ತು. ಅವರು ನಮ್ಮ ಕೋಣೆಯಿಂದ ಚಾಪೆ, ದಿಂಬು ತಂದು, ಬಂದ ನೆಂಟರನ್ನು ಕೇಳುವಷ್ಟೇ ಪ್ರೀತಿಯಿಂದ ಕೇಳಿದರು:

"ಭಾವ, ನಿಮಗೆ ಹಾಲ್‌ನಲ್ಲಿ ಹಾಸಿದರೆ ಆಗ್ತದಾ?"

ಆಗ್ತದೆ ಎಂದೆ.