ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಡಿಫೆಂಡರ್

ಫುಟ್‌ಬಾಲ್ ಆಡುವವರಿಗೆ ಗಾಯಗಳಾಗುತ್ತವೆ. ನನಗೆ ಫಜೀತಿಗಳಾಗುತ್ತವೆ. ಒಂದು ಮುಗಿಯಿತು ಅಂದುಕೊಂಡು ಶೂ ಬಿಚ್ಚುವಷ್ಟರಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಗಾಯಕ್ಕಾದರೆ ಸ್ಪ್ರೇ ಹೊಡೆಯುತ್ತಾರೆ, ಇದಕ್ಕೆ ಏನೂ ಇಲ್ಲ. ಸೇಲಂನ ಒಂದು ಕ್ಲಬ್ಬಿಗೆ ಸಂಬಳದ ಆಟಗಾರನಾಗಿ ಸೇರಿದ ಮೊದಲ ವರ್ಷದ ಕೆಲವನ್ನು ಇಲ್ಲಿ ಹೇಳುತ್ತೇನೆ. ಕ್ಲಬ್ಬಿನ ಹೆಸರು ಮಾತ್ರ ಕೇಳಬೇಡಿ. ಅವರು ನನ್ನನ್ನು ಕ್ಷಮಿಸಿ ಇನ್ನೂ ಬಹಳ ದಿನ ಆಗಿಲ್ಲ.

೧. ಕಾಣದ ಕೆಲಸ

ನಮ್ಮದು ಎಡಪ್ಪಾಡಿಯಲ್ಲಿ ನೇಕಾರರ ಮನೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಮಗ್ಗದ ಮುಂದೆ ಕೂತರೆ ಎರಡೂ ಕೇಳಿಸುವುದಿಲ್ಲ. ನಾನು ಫುಟ್‌ಬಾಲನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಅಂದಾಗ ಅಪ್ಪ ಒಂದೇ ಮಾತು ಹೇಳಿದ. "ಒಂದು ಸೀಸನ್ ನೋಡ್ತೀನಿ. ಅವ್ರು ನಿನ್ನ ಮಡಗ್ಕೊಂಡ್ರೆ ಸರಿ. ಇಲ್ಲಾಂದ್ರೆ ದೊಡ್ಡಪ್ಪನ ಮಗ್ಗ ಖಾಲಿ ಐತೆ, ಬಂದು ಕುಂತ್ಕೋ." ಮಗ್ಗದ ಮೇಲೆ ನನಗೆ ಸಿಟ್ಟಿಲ್ಲ. ಮಗ್ಗಕ್ಕೇ ನನ್ನ ಮೇಲೆ ಸಿಟ್ಟು. ನಾನು ಕೂತ ದಿನವೆಲ್ಲ ದಾರ ಕಡಿಯುತ್ತದೆ. ಫುಟ್‌ಬಾಲ್ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ ಅನ್ನುವುದು ನಿಜವಾದ ಭಯವಾಗಿತ್ತು.

ಕಾಗದಕ್ಕೆ ಸಹಿ ಹಾಕಿಸಲು ಕೋಚ್ ಮನೆಗೇ ಬಂದರು. ಅಪ್ಪ ತಮಿಳಿನಲ್ಲಿ ವಿಚಾರಣೆ ಶುರು ಮಾಡಿದ.

"ಇವನು ಗೋಲು ಹೊಡೀತಾನಾ ಸಾರ್?"

"ಇಲ್ಲ, ಇವನು ಡಿಫೆಂಡರ್. ಎದುರಿನವರು ಗೋಲು ಹೊಡೆಯದ ಹಾಗೆ ತಡೀತಾನೆ."

"ನಾನು ಸಾಯಂಕಾಲ ಮಗ್ಗದಿಂದ ಎದ್ದರೆ ನೇಯ್ದ ಬಟ್ಟೆ ಕಣ್ಣಿಗೆ ಕಾಣುತ್ತೆ. ಇವನು ಆಡಿ ಬಂದರೆ ಏನು ಕಾಣುತ್ತೆ?"

"ಸೊನ್ನೆ ಕಾಣುತ್ತೆ. ಎದುರು ತಂಡದ ಲೆಕ್ಕ ಸೊನ್ನೆ ಇದ್ದರೆ ಇವನ ಕೆಲಸ ಚೆನ್ನಾಗಿ ಆಗಿದೆ ಅಂತ ಅರ್ಥ."

ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. "ಅದ್ಕೆ ಇಷ್ಟು ದೂರ ಯಾಕ್ಲಾ ಓಗ್ಬೇಕು? ಸೊನ್ನೆನ ಇಸ್ಕೂಲ್ನಾಗೇ ತಂದು ಕೊಡ್ತಿದ್ಯಲ್ಲಾ!"

೨. ಅಜ್ಜಿ ಕಲಿಸಿದ ಪಾಠ

ನಮ್ಮ ಮನೆಯಲ್ಲಿ ಯಾರಿಗಾದರೂ ಕಾಲು ತಾಕಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಲ್ಲರ ಮನೆಯಲ್ಲೂ ಇದೆ ಅನ್ನುತ್ತೀರಿ. ಆದರೆ ಎಲ್ಲರ ಮನೆಯಲ್ಲಿ ನನ್ನ ಅಜ್ಜಿ ಇಲ್ಲ. ಅವಳು ಇದನ್ನು ನನಗೆ ಮಾತು ಬರುವ ಮೊದಲೇ ಕಲಿಸಿದ್ದಳು. ಬಸ್ಸಿನಲ್ಲಿ ಪಕ್ಕದವನ ಚೀಲಕ್ಕೆ ಕಾಲು ತಾಕಿದರೂ ನನ್ನ ಕೈ ತಾನೇ ಹೋಗಿ ಚೀಲ ಮುಟ್ಟಿ ಬರುತ್ತದೆ. ನನ್ನನ್ನು ಕೇಳುವುದಿಲ್ಲ.

ಮೊದಲ ಪಂದ್ಯ ಮೊರಪ್ಪೂರಿನಲ್ಲಿ. ಎದುರು ತಂಡದ ಫಾರ್ವರ್ಡ್ ಚೆಂಡು ತಂದ. ನಾನು ಅಡ್ಡ ಹೋಗಿ ಅಚ್ಚುಕಟ್ಟಾಗಿ ಚೆಂಡು ಕಿತ್ತೆ. ಆಮೇಲೆ ಕಾಲು ಅವನ ಮೀನಖಂಡಕ್ಕೆ ಸ್ವಲ್ಪ ತಾಕಿತು. ಬಗ್ಗಿ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡೆ. ರೆಫರಿ ಸೀಟಿ ಊದಿ ಫೌಲ್ ಕೊಟ್ಟರು.

"ಸಾರ್, ನಾನು ಮೊದಲು ಮುಟ್ಟಿದ್ದು ಚೆಂಡನ್ನ!"

"ನೀನೇ ತಪ್ಪಾಯ್ತು ಅಂತ ಕಣ್ಣಿಗೊತ್ಕೊಂಡ ಮೇಲೆ ನಾನೇನಪ್ಪ ಮಾಡಲಿ?"

ಅರ್ಧ ಆಟ ಮುಗಿಯುವಷ್ಟರಲ್ಲಿ ಒಂಬತ್ತು ಫೌಲು. ಅಷ್ಟು ಹೊತ್ತಿಗೆ ಆ ಫಾರ್ವರ್ಡಿಗೂ ಅಭ್ಯಾಸವಾಗಿ ಹೋಗಿತ್ತು. ನಾನು ಹತ್ತನೇ ಸಲ ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ತಲೆಯ ಮೇಲೆ ಕೈಯಿಟ್ಟು "ನಲ್ಲಾ ಇರು ತಂಬಿ" ಎಂದು ಹರಸಿದ. ಹರಸಿ, ಅದೇ ಫ್ರೀ ಕಿಕ್ಕಿನಲ್ಲಿ ಗೋಲು ಹೊಡೆದ.

೩. ಎರಡು ನಿಂಬೆಹಣ್ಣು

ಕೈ ಖಾಲಿ ಇದ್ದರೆ ತಾನೇ ಮುಟ್ಟುವುದು ಅಂತ ಕೋಚ್ ಒಂದು ಉಪಾಯ ಮಾಡಿದರು. ಪ್ರಾಕ್ಟೀಸಿನಲ್ಲಿ ನನ್ನ ಎರಡು ಕೈಗೂ ಒಂದೊಂದು ನಿಂಬೆಹಣ್ಣು. ಕೆಳಗೆ ಬಿದ್ದರೆ ಮೈದಾನಕ್ಕೆ ಮೂರು ಸುತ್ತು. ಒಂದು ವಾರದಲ್ಲಿ ಕೈ ಸುಮ್ಮನಾಯಿತು. ಆದರೂ ಧೈರ್ಯ ಸಾಲದೆ ಧರ್ಮಪುರಿಯ ಪಂದ್ಯಕ್ಕೂ ಹಣ್ಣು ಹಿಡಿದುಕೊಂಡೇ ಇಳಿದೆ.

ಮಂಗಳವಾರ, ಬಟಾಬಯಲು, ಎರಡು ಕೈಯಲ್ಲಿ ನಿಂಬೆಹಣ್ಣು ಹಿಡಿದು ಗೋಲಿನ ಮುಂದೆ ನಿಂತ ಗಡ್ಡದ ಮನುಷ್ಯ. ಎದುರು ತಂಡದವರು ನನ್ನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬನೂ ನನ್ನ ಕಡೆ ಬರಲಿಲ್ಲ. ಚೆಂಡು ನನ್ನ ಹತ್ತಿರ ಉರುಳಿದರೆ ದೂರದಿಂದಲೇ "ನೀನೇ ತಗೋ" ಎಂದು ಕೈ ಮಾಡುತ್ತಿದ್ದರು. ಕೊನೆಗೆ ಅವರ ಕ್ಯಾಪ್ಟನ್ ರೆಫರಿಗೆ ದೂರು ಕೊಟ್ಟ: "ಸಾರ್, ಇವನು ಮಾಟ ಮಾಡಿಸ್ಕೊಂಡು ಬಂದಿದ್ದಾನೆ." ರೆಫರಿ ನಿಯಮದ ಪುಸ್ತಕ ತರಿಸಿ ನೋಡಿದರು. ಶೂ, ಉಂಗುರ, ಸರ ಎಲ್ಲ ಇತ್ತು, ನಿಂಬೆಹಣ್ಣು ಇರಲಿಲ್ಲ. ಆದರೂ ಕಿತ್ತುಕೊಂಡು ಕೋಚ್ ಕೈಗೆ ಕೊಟ್ಟರು.

ವಿರಾಮದಲ್ಲಿ ಕೋಚ್ ಸ್ನೇಹಕ್ಕಿರಲಿ ಎಂದು ಅದೇ ಹಣ್ಣು ಹಿಂಡಿ ಶರಬತ್ತು ಮಾಡಿ ಎದುರು ತಂಡಕ್ಕೆ ಕಳಿಸಿದರು. ಹನ್ನೊಂದು ಜನವೂ ಆವತ್ತು ಏಕಾದಶಿ ಅಂದರು.

೪. ಗುಪ್ತ ಭಾಷೆ

ನಿಂಬೆಹಣ್ಣು ಹೋದ ಮೇಲೆ ನನ್ನ ಕೈ ಕಾಯುವ ಕೆಲಸ ನನ್ನ ಪಕ್ಕದಲ್ಲಿ ಆಡುವ ಇನ್ನೊಬ್ಬ ಡಿಫೆಂಡರಿಗೆ ಬಂತು. ಅವನ ಮನೆಯಲ್ಲೂ ಕನ್ನಡವೇ. ನಾನು ಚೆಂಡು ಕೀಳಲು ಹೋದಾಗಲೆಲ್ಲ ಅವನು "ಮುಟ್ಬ್ಯಾಡ್ಲಾ!" ಎಂದು ಕೂಗುವುದು. ತಮಿಳರಿಗೆ ಎಲ್ಲಿ ಗೊತ್ತಾಗುತ್ತದೆ ಅನ್ನುವ ಧೈರ್ಯ. ಕಾರಿಮಂಗಲದ ಪಂದ್ಯದಲ್ಲಿ ಆ ಧೈರ್ಯ ಹೆಚ್ಚಾಗಿ ಪ್ಲಾನನ್ನೂ ಕನ್ನಡದಲ್ಲೇ ಕೂಗತೊಡಗಿದೆವು. "ನಾನು ಎಡಕ್ಕೋಯ್ತೀನಿ, ಬಲಗಡೆ ಖಾಲಿ ಐತೆ, ನೋಡ್ಕೋ!"

ಅವರ ಫಾರ್ವರ್ಡ್ ಬಲಗಡೆಯಿಂದ ಬಂದು ಗೋಲು ಹೊಡೆದು, ಹೋಗುವಾಗ ಹೇಳಿದ: "ಖಾಲಿ ಐತೆ ಅಂತ ನೀನೇ ಅಂದ್ಯಲ್ಲಣ್ಣಾ."

ನನಗೆ ರೇಗಿತು. ಬಾಯಿಗೆ ಬಂದದ್ದನ್ನೆಲ್ಲ ಕನ್ನಡದಲ್ಲಿ ಬೈದೆ. ಬೈಗುಳ ರೆಫರಿಯ ಸೀಟಿಗೂ ಅವರ ವಂಶಕ್ಕೂ ಹೋಗಿ ಮುಟ್ಟಿತು. ರೆಫರಿ ನಿಧಾನವಾಗಿ ಹತ್ತಿರ ಬಂದು ಹಳದಿ ಕಾರ್ಡ್ ತೋರಿಸಿದರು.

"ಆಟದ ಬಗ್ಗೆ ಏನಾದ್ರೂ ಅನ್ಲಾ," ಅಂದರು. "ನಮ್ಮಜ್ಜಿ ಸುದ್ದಿಗೆ ಯಾಕ್ಲಾ ಓಗ್ತೀಯ?"

೫. ಕೊನೆಯ ಪಂದ್ಯ

ಸೀಸನ್ನಿನ ಕೊನೆಯ ಪಂದ್ಯ ಸೇಲಂನಲ್ಲಿ. ಹಿಂದಿನ ದಿನ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಪೆನಾಲ್ಟಿ ಬಾಕ್ಸಿನೊಳಗೆ ಒಂದು ಸಲ ಕಣ್ಣಿಗೊತ್ಕೊಂಡರೂ ಸಾಕು, ನಿನ್ನ ಸಾಮಾನು ತಗೊಂಡು ಎಡಪ್ಪಾಡಿಗೆ ಹೋಗು. ಹಾಗೆ ಮಾಡದೆ ಉಳಿದರೆ ಇನ್ನೆರಡು ವರ್ಷ ನಿನ್ನನ್ನು ಇಟ್ಕೊಳ್ತೀನಿ." ಆ ರಾತ್ರಿ ಕೈ ಮೇಲೆ ಮಲಗಿಕೊಂಡೆ.

ನನ್ನ ಹಣೆಬರಹ ನೋಡಲು ಅಪ್ಪ ಬಂದಿದ್ದ. ಜೊತೆಗೆ ಅಜ್ಜಿಯನ್ನೂ ಕರೆತಂದಿದ್ದ. ಗೆರೆಯ ಪಕ್ಕದಲ್ಲೇ ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕೋಚ್ ಅಂದ ಮಾತನ್ನು ಅವಳಿಗೆ ನಾನು ಹೇಳಿರಲಿಲ್ಲ, ಹೇಳುವ ಧೈರ್ಯ ಇರಲಿಲ್ಲ. ಅವಳು ಕಂಡದ್ದು ಇಷ್ಟೇ: ತಾನು ಸಾಕಿದ ಮೊಮ್ಮಗ ಮಧ್ಯಾಹ್ನವೆಲ್ಲ ಊರವರ ಮಕ್ಕಳಿಗೆ ಕಾಲು ತಾಗಿಸುತ್ತಾನೆ, ಒಬ್ಬರನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲ. ಪ್ರತಿ ಸಲವೂ ಕುರ್ಚಿಯಿಂದ ಅರ್ಧ ಏಳುತ್ತಿದ್ದಳು. ಅಪ್ಪ ಕೂರಿಸುತ್ತಿದ್ದ.

ನಾವು ಒಂದು ಗೋಲು ಮುಂದಿದ್ದೆವು. ಇನ್ನು ಐದು ನಿಮಿಷ ಇರುವಾಗ ಅವರ ಫಾರ್ವರ್ಡ್ ಬಾಕ್ಸಿನೊಳಗೆ ನುಗ್ಗಿದ. ನಾನು ಜಾರಿಕೊಂಡು ಹೋಗಿ ಚೆಂಡನ್ನಷ್ಟೇ ಹೊಡೆದೆ. ಅವನು ಮೂರು ಪಲ್ಟಿ ಹೊಡೆದು, ಮೊಣಕಾಲು ಹಿಡಿದು, ಹೆತ್ತವ್ವನನ್ನು ಕರೆಯತೊಡಗಿದ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಆದರೂ ರೆಫರಿ ಪೆನಾಲ್ಟಿ ಜಾಗಕ್ಕೆ ಬೆರಳು ತೋರಿಸಿದರು. ಕೋಚ್ ತಲೆ ಮೇಲೆ ಕೈ ಹೊತ್ತು ಕೂತರು.

ಆಗ ಅಜ್ಜಿ ಅಪ್ಪನ ಕೈ ಕೊಡವಿ ಮೈದಾನಕ್ಕೆ ಇಳಿದಳು. ಗೆರೆಯಲ್ಲಿ ಬಾವುಟ ಹಿಡಿದವರು ಅಡ್ಡ ಬಂದರೆ "ಅತ್ತಾಗೋಗಪ್ಪ" ಅಂದಳು. ಅವರು ಹೋದರು. ನೇರ ಬಂದು, ಒದ್ದಾಡುತ್ತಿದ್ದವನ ಮುಂದೆ ಬಗ್ಗಿ, ಅವನ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ತಪ್ಪಾಯ್ತು ಸಾಮಿ. ನನ್ನ ಮೊಮ್ಮಗನ ಕಾಲು ತಾಕ್ಬುಡ್ತು. ಅವ್ನು ಬುದ್ಧಿ ಮರ್ತವ್ನೆ, ಅವನ ಬದ್ಲು ನಾನು ಕೇಳ್ಕೊತೀನಿ."

ಭಾಷೆ ಅವನಿಗೆ ಎಷ್ಟು ಗೊತ್ತಾಯಿತೋ, ಮುದುಕಿಯೊಬ್ಬಳು ತನ್ನ ಕಾಲು ಮುಟ್ಟಿದ್ದು ಮಾತ್ರ ಚೆನ್ನಾಗಿ ಗೊತ್ತಾಯಿತು. ಕೆಂಡ ತುಳಿದವನ ಹಾಗೆ ಎಗರಿ ನಿಂತು ಅವಳ ಕಾಲಿಗೆ ಉದ್ದಕ್ಕೆ ಬಿದ್ದ.

"ಅಯ್ಯೋ ಪಾಟಿ, ಅಜ್ಜಿ ಕೈಲಿ ಕಾಲು ಮುಟ್ಟಿಸ್ಕೊಂಡರೆ ನನಗೆ ಪಾಪ ಬರುತ್ತೆ!" ಎಂದು ತಮಿಳಿನಲ್ಲಿ ಕಿರುಚಿದ. "ಅವನ ಕಾಲು ನನಗೆ ತಾಕಲೇ ಇಲ್ಲ ಪಾಟಿ! ಸತ್ಯವಾಗಿ ತಾಕಲೇ ಇಲ್ಲ!"

ರೆಫರಿ ಪಕ್ಕದಲ್ಲೇ ನಿಂತಿದ್ದರು. ಪೆನಾಲ್ಟಿ ರದ್ದು ಮಾಡಿ, ನಾಟಕ ಆಡಿದ್ದಕ್ಕೆ ಅವನಿಗೆ ಹಳದಿ ಕಾರ್ಡ್ ತೋರಿಸಿದರು. ಕೇಳದೆ ಒಳಗೆ ಬಂದದ್ದಕ್ಕೆ ಅದೇ ಕಾರ್ಡನ್ನು ಅಜ್ಜಿಯ ಕಡೆಗೂ ಹಿಡಿದರು. ಅಜ್ಜಿ ಭಕ್ತಿಯಿಂದ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಕಣ್ಣಿಗೊತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಗೆ ಹೋಗಿ ಕೂತಳು.

ಉಳಿದ ಐದು ನಿಮಿಷ ರೆಫರಿಯ ಜೇಬಿನಲ್ಲಿ ಇದ್ದದ್ದು ಕೆಂಪು ಕಾರ್ಡ್ ಒಂದೇ. ಇಪ್ಪತ್ತೆರಡು ಜನವೂ ಒಬ್ಬರಿಂದ ಒಬ್ಬರು ಮಾರು ದೂರ ನಿಂತು ಆಡಿದೆವು.

ಗೆದ್ದೆವು. ಕೋಚ್ ಅಪ್ಪನ ಕೈ ಹಿಡಿದು "ಇನ್ನೆರಡು ವರ್ಷ ಮಗನನ್ನು ನಮಗೆ ಬಿಡಿ" ಅಂದರು. ಅಪ್ಪ ತಲೆಯಾಡಿಸಿದ, ನಾನು ನಾಚಿಕೆಯಿಲ್ಲದೆ ಅತ್ತೆ. ರೆಫರಿ ಮಾತ್ರ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತು, ನಾಳೆ ಬೇರೆ ಪಂದ್ಯ ಇದೆ, ದಯವಿಟ್ಟು ಆ ಕಾರ್ಡ್ ಕೊಡಿ ಪಾಟಿ ಎಂದು ಗೋಗರೆಯುತ್ತಿದ್ದರು.

ಅಜ್ಜಿ ಸೊಂಟದ ಮೇಲೆ ಕೈ ಮುಚ್ಚಿಕೊಂಡು ನನ್ನನ್ನು ಕೂಗಿದಳು.

"ಲೇ, ಇವ್ರಿಗೆ ತಮಿಳ್ನಾಗೆ ಯೋಳ್ಲಾ. ಎಲ್ಲರ ಮುಂದೆ ಮರ್ವಾದೆಯಾಗಿ ಕೊಟ್ಟು, ಈಗ ವಾಪಸ್ ಕೇಳ್ತಾವ್ರೆ. ಇವ್ರ ಮನೇಲಿ ಅಜ್ಜಿ ಏನೂ ಕಲ್ಸಿಲ್ವಾ?"