ಒಂದು ಸೆಕೆಂಡಿನ ಕಪ್ಲಿಂಗ್

ಬೆಟ್ಟದ ಮೇಲಿನ ಆಸ್ಪತ್ರೆಗೆ ಔಷಧಿ ಸಾಗಿಸುವ ಕೆಲಸ ಪಾರ್ಸಲಣ್ಣನಿಗೆ ಸಿಕ್ಕೇಬಿಟ್ಟಿತ್ತು, ಒಂದೇ ಒಂದು ಕೊಕ್ಕೆ ಬಿಟ್ಟು. ಗಾಡಿಯ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗಬೇಕು, ಅದರ ವಿಸ್ಕಸ್ ಕಪ್ಲಿಂಗ್ ಸವೆದಿರಬಾರದು ಎಂದು ಆಸ್ಪತ್ರೆಯ ಉಗ್ರಾಣದ ಅಧಿಕಾರಿ ಕಾಗದದಲ್ಲಿ ಬರೆದಿದ್ದರು. ಹತ್ತು ವರ್ಷ ಮನೆಮನೆಗೆ ಪಾರ್ಸೆಲ್ ಹಂಚಿ ಬೆನ್ನು ಬಾಗಿಸಿಕೊಂಡಿದ್ದ ಅವನಿಗೆ ಗಾಡಿಯೇನೋ ಇತ್ತು. ಹೋದ ತಿಂಗಳಷ್ಟೇ ಮಾವ ತಮ್ಮ ಹಳೆಯ ಗಾಡಿಯನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಕೊಟ್ಟದ್ದನ್ನು ದಿನಕ್ಕೆರಡು ಸಲ ನೆನಪಿಸುತ್ತಲೂ ಇದ್ದರು. ಆದರೆ ಈ ಕಪ್ಲಿಂಗ್ ಯಾವ ಜಾತಿಯ ಪ್ರಾಣಿ ಎಂದು ಅವನಿಗೆ ತಿಳಿಯದು.

ಊರಾಚೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದ. ಮುಂದಿನ ಚಕ್ರಗಳ ಬಲವನ್ನು ಹಿಂದಿನವಕ್ಕೆ ದಾಟಿಸುವ, ಒಳಗೆ ಮಂದ ಎಣ್ಣೆ ತುಂಬಿದ ಡಬ್ಬಿ ಅದು, ಮನೆಯಲ್ಲೇ ಪರೀಕ್ಷೆ ಮಾಡಬಹುದು ಎಂದು ಅವನು ವಿವರಿಸಿದ. ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಬೇಕು. ಉಳಿದವಕ್ಕೆ ಕಲ್ಲು ಕೊಡಬೇಕು. ಗೇರಿನಲ್ಲಿಟ್ಟು, ಎತ್ತಿದ ಚಕ್ರದ ನಡುವಿನ ನಟ್ಟಿಗೆ ಉದ್ದನೆಯ ಸರಳು ಸಿಕ್ಕಿಸಿ, ತುದಿಗೆ ಐದು ಕಿಲೋ ತೂಕ ನೇತುಹಾಕಬೇಕು. ಸರಳು ಅರ್ಧ ನಿಮಿಷದಲ್ಲಿ ಕೆಳಗಿಳಿದರೆ ಕಪ್ಲಿಂಗ್ ಗಟ್ಟಿಮುಟ್ಟು. ತಡವಾದಷ್ಟೂ ಅದರ ಆಯುಸ್ಸು ಮುಗಿದ ಹಾಗೆ.

ಭಾನುವಾರ ಬೆಳಿಗ್ಗೆ ಜಾಕು ಒಂದು ಗೇಣು ಮೇಲೇಳುವಷ್ಟರಲ್ಲಿ ಬೀದಿಯೇ ಬಂದು ನಿಂತಿತು. ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಸ್ಟಾಪ್‌ವಾಚ್ ಕೊರಳಿಗೆ ಹಾಕಿಕೊಂಡೇ ಬಂದರು. ಪಕ್ಕದ ಟೈಲರ್ ಸರಳಿಗೆಂದು ತನ್ನ ಪರದೆ ಕೋಲು ತಂದ. ಅದು ಮದುವೆ ಮನೆಯಲ್ಲಿ ಬಾಗಿಲಲ್ಲಿ ನಿಂತವರ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿತು. ಕೊನೆಗೆ ಬಟ್ಟೆ ಒಣಗಿಸುವ ಕಬ್ಬಿಣದ ಪೈಪು ಬಂತು, ತೂಕಕ್ಕೆ ಟೈಲರನ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಬಂತು. ನಿನ್ನೆಯ ಬೂದಿ ಸೇರಿ ಸರಿಯಾಗಿ ಐದು ಕಿಲೋ ಎಂದು ಟೈಲರ್ ಪ್ರಮಾಣ ಮಾಡಿದ. ಮಾವ ಕುರ್ಚಿ ಹಾಕಿಸಿಕೊಂಡು ಪೈಪಿನ ಪಕ್ಕದಲ್ಲೇ ಕೂತರು.

ಮೇಷ್ಟ್ರು ಸೀಟಿ ಊದಿದರು. ಪೈಪು ಅಲುಗಲಿಲ್ಲ. ಒಂದು ನಿಮಿಷ ಎಂದರು, ಐದು ನಿಮಿಷ ಎಂದರು, ಹನ್ನೊಂದನೆಯ ನಿಮಿಷಕ್ಕೆ ದನಿ ತಗ್ಗಿಸಿದರು. ಟೈಲರ್ ಪಾರ್ಸಲಣ್ಣನ ಹೆಗಲ ಮೇಲೆ ಕೈಯಿಟ್ಟ. ಯಾರೋ ನೀರು ಕೊಟ್ಟರು. ಉಡುಗೊರೆಯನ್ನು ಸರಿಯಾಗಿ ನೋಡಿಕೊಳ್ಳದವರ ಬಗ್ಗೆ ಮಾವ ಗಾಳಿಗೆ ನಾಲ್ಕು ಮಾತು ಹೇಳಿದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದಳು, "ರೀ, ಹ್ಯಾಂಡ್ ಬ್ರೇಕ್ ತೆಗೆದಿದ್ದೀರಾ?"

ತೆಗೆದಿರಲಿಲ್ಲ. ಪಾರ್ಸಲಣ್ಣ ಒಳಗೆ ತೂರಿ ಅದನ್ನು ಇಳಿಸಿದ್ದೇ ತಡ, ಪೈಪು ಧಡಾರನೆ ಕೆಳಗೆ ಬಂತು, ಇಸ್ತ್ರಿ ಪೆಟ್ಟಿಗೆಯ ಬಾಯಿ ತೆರೆಯಿತು, ನಿನ್ನೆಯ ಬೂದಿಯೆಲ್ಲ ಮಾವನ ಮೇಲೆ ಹೋಯಿತು. ಮೀಸೆ ಯಾವುದು, ಮುಖ ಯಾವುದು ತಿಳಿಯದಂತಾಯಿತು.

"ಒಂದು ಸೆಕೆಂಡು," ಎಂದರು ಮೇಷ್ಟ್ರು, ಗಡಿಯಾರವನ್ನು ಎಲ್ಲರಿಗೂ ತೋರಿಸುತ್ತ. ಅರ್ಧ ನಿಮಿಷಕ್ಕೇ ಗಟ್ಟಿಮುಟ್ಟು ಎಂದಾದರೆ ಒಂದು ಸೆಕೆಂಡಿನ ಕಪ್ಲಿಂಗ್ ಇನ್ನೂ ಹೊಚ್ಚಹೊಸ ಎಳೆಗೂಸು. ಬೂದಿಯೊಳಗಿಂದಲೇ ಮಾವ, ತಾವು ಗಾಡಿ ಇಟ್ಟುಕೊಂಡಿದ್ದ ರೀತಿಯೇ ಹಾಗೆ ಎಂದರು. ಹಾಗೆನ್ನುತ್ತಲೇ, ಮುಖ ತೊಳೆಯಲೂ ಏಳದೆ, ಅಳಿಯನ ಫೋನ್ ಎತ್ತಿಕೊಂಡು ಆಸ್ಪತ್ರೆಗೂ ಸುದ್ದಿ ಮುಟ್ಟಿಸಿದರು. ಟೈಲರ್ ಟೀ ಹಂಚಿದ. ಪಾರ್ಸಲಣ್ಣ ಹೆಂಡತಿಯನ್ನು ನೋಡಿ ನಕ್ಕ. ಅವನ ಬೆನ್ನು ಎರಡಿಂಚು ನೆಟ್ಟಗಾಗಿತ್ತು.

ಆ ಖುಷಿಯಲ್ಲಿ ಮೆಕ್ಯಾನಿಕ್‌ಗೂ ಫೋನ್ ಹೋಯಿತು. ಅವನು ಒಂದೇ ಸೆಕೆಂಡಾ ಎಂದು ಎರಡು ಸಲ ಕೇಳಿ, "ಮುಟ್ಟಬೇಡಿ, ನಾನೇ ಬರ್ತೀನಿ," ಎಂದ. ಇಂಥ ಕಪ್ಲಿಂಗ್ ನೋಡಲು ಯಾರಿಗೆ ತಾನೆ ಆಸೆಯಿಲ್ಲ ಎಂದುಕೊಂಡರು ಎಲ್ಲರೂ.

ಮೆಕ್ಯಾನಿಕ್ ಬಂದವನೇ ಗಾಡಿಯ ಕೆಳಗೆ ಜಾರಿದ. ಟಾರ್ಚ್ ಆ ಕಡೆ ಈ ಕಡೆ ಓಡಾಡಿತು. ಆಮೇಲೆ ಬರಿಯ ತಲೆಯೊಂದು ಹೊರಗೆ ಬಂತು.

"ಕಪ್ಲಿಂಗ್ ಸವೆದಿಲ್ಲ ಅಣ್ಣ. ಸವೆಯೋಕೆ ಅದು ಇದ್ದರಲ್ವಾ? ಹಿಂದಕ್ಕೆ ಬಲ ಒಯ್ಯೋ ಶಾಫ್ಟೂ ಇಲ್ಲ. ಇದು ಎರಡೇ ಚಕ್ರದಲ್ಲಿ ಓಡೋ ಗಾಡಿ."

ಯಾರು ತೆಗೆದರು ಎಂದು ಪಾರ್ಸಲಣ್ಣ ಕೇಳಿದ. ತಾನೇ ತೆಗೆದದ್ದು, ನಾಲ್ಕು ವರ್ಷವಾಯಿತು, ಕಪ್ಲಿಂಗ್ ಬಿಗಿದುಕೊಂಡಿತ್ತು, ಹೊಸದು ಬೇಡ ಕಿತ್ತುಹಾಕು ಎಂದು ಆಗಿನ ಗಾಡಿಯ ಯಜಮಾನರೇ ಹೇಳಿದ್ದರು ಎಂದ ಮೆಕ್ಯಾನಿಕ್. ನೋಡಲು ಅವರು ಹೇಗಿದ್ದರು ಎಂದು ಕೇಳುತ್ತಲೇ ಮೇಷ್ಟ್ರು ಟವೆಲಿನಿಂದ ಮಾವನ ಮುಖದ ಬೂದಿ ಒರೆಸಿದರು.

"ನಮಸ್ಕಾರ ಯಜಮಾನ್ರೇ," ಎಂದ ಮೆಕ್ಯಾನಿಕ್.

ಬೀದಿ ಮೆತ್ತಗೆ ಚದುರಿತು. ಹೆಂಡತಿ ತನ್ನ ಅಪ್ಪನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಫೋನ್ ರಿಂಗಾಯಿತು. ಉಗ್ರಾಣದ ಅಧಿಕಾರಿ. ಒಂದು ಸೆಕೆಂಡಿನ ಗಾಡಿ ಕೇಳಿ ಬಹಳ ಸಂತೋಷವಾಗಿದೆ, ನಾಳೆ ಬೆಳಿಗ್ಗೆಯೇ ಲೋಡು, ಬಳಸುದಾರಿ ಬೇಡ, ಕಡಿದಾದ ದಾರಿಯಲ್ಲೇ ಹತ್ತಿ ಎಂದರು. ಪಾರ್ಸಲಣ್ಣ "ಒಂದು ನಿಮಿಷ" ಎಂದ. ಫೋನನ್ನು ಮಾವನ ಕೈಗಿಟ್ಟ. ಮಾಡಿದವರೇ ನಿಜ ಹೇಳಲಿ.

ಮಾವ ಗಂಟಲು ಸರಿಪಡಿಸಿಕೊಂಡರು. ಮಗಳ ಮುಖ ನೋಡಿದರು. ಆಮೇಲೆ ನಿರಾಳವಾಗಿ ಹೇಳಿದರು:

"ಏನೂ ಯೋಚನೆ ಮಾಡಬೇಡಿ ಸ್ವಾಮಿ. ಮುಂದಿನ ಎರಡು ಚಕ್ರ ಇಂಜಿನ್ ನೋಡ್ಕೊಳ್ಳುತ್ತೆ. ಹಿಂದಿನ ಎರಡನ್ನ ನಮ್ಮ ಅಳಿಯಂದಿರು ನೋಡ್ಕೋತಾರೆ."